ಬೇರಿನ ಗಂಟಿನೊಳಗಿನ ಕೆಂಪು



ಈ ಮುಂಗಾರಿನಲ್ಲಿ ಯಲಬುರ್ಗಾ ಕಡೆಯ ನಮ್ಮ ಹೊಲದಲ್ಲಿ ನಡೆದದ್ದು. ಏಳನೇ ತರಗತಿಯ ಮೊಮ್ಮಗ ಹೆಸರಿನ ಗಿಡವೊಂದನ್ನು ಕಿತ್ತುಕೊಂಡು ಓಡಿ ಬಂದ. "ಅಜ್ಜಾ, ಹೆಸರಿಗೆ ರೋಗ ಬಂದೈತಿ! ಬೇರಿನ ತುಂಬ ಗಂಟು ಅದಾವ ನೋಡು!" ಅವನಪ್ಪ ಔಷಧ ತರಲು ಕುಷ್ಟಗಿಗೆ ಹೋಗಬೇಕೆಂದು ಗಾಡಿ ಹತ್ತಿಯೇ ಬಿಟ್ಟಿದ್ದ. "ಜರಾ ತಡಿಯಪಾ" ಎಂದೆ.

ಬೇರು ತೊಳೆದು ಒಂದು ಗಂಟನ್ನು ಬೆರಳಿಂದ ಒತ್ತಿದೆ. ಸುಲಭವಾಗಿ ಉದುರಿತು. ಜಂತುಹುಳುವಿನ ಗಂಟು ರೋಗವಾಗಿದ್ದರೆ ಬೇರೇ ಊದಿಕೊಂಡಿರುತ್ತದೆ, ಗಂಟು ಹಾಗೆ ಕಳಚಿ ಬರುವುದಿಲ್ಲ. ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು. "ರಕ್ತ!" ಎಂದ ಮೊಮ್ಮಗ. ಅವನ ಮಾತು ಅರ್ಧ ನಿಜ.

ಆ ಗಂಟಿನೊಳಗೆ ರೈಜೋಬಿಯಂ ಬಳಗದ ಬ್ಯಾಕ್ಟೀರಿಯಾಗಳಿವೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಆದರೆ ಅದರ ಪರಮಾಣುಗಳು ಎರಡೆರಡಾಗಿ ಗಟ್ಟಿಯಾಗಿ ಬೆಸೆದುಕೊಂಡಿರುವುದರಿಂದ ಗಿಡ ಅದನ್ನು ಹಾಗೇ ಉಣ್ಣಲಾರದು. ಗೊಬ್ಬರದ ಕಾರ್ಖಾನೆ ಆ ಬೆಸುಗೆ ಬಿಡಿಸಲು 400 ಡಿಗ್ರಿ ಕಾವು, ಭಾರೀ ಒತ್ತಡ ಬಳಸುತ್ತದೆ. ಬ್ಯಾಕ್ಟೀರಿಯಾ ಮಣ್ಣಿನ ತಂಪಿನಲ್ಲೇ ಬಿಡಿಸುತ್ತದೆ. ಅದರ ಸಾಧನ ನೈಟ್ರೋಜಿನೇಸ್ ಎಂಬ ಪ್ರೋಟೀನು.

ಇದಕ್ಕೆ ಎರಡು ಭಾಗ. ಸಣ್ಣದರಲ್ಲಿ ನಾಲ್ಕು ಕಬ್ಬಿಣ, ನಾಲ್ಕು ಗಂಧಕದ ಪರಮಾಣುಗಳ ಗೊಂಚಲು. ದೊಡ್ಡದರಲ್ಲಿ ಕಬ್ಬಿಣ, ಗಂಧಕದ ಜೊತೆಗೆ ಮಾಲಿಬ್ಡಿನಂ ಕೂಡ ಇದೆ. ಸಣ್ಣದು ನೀರು ಹೊರುವವರಂತೆ, ಒಂದು ಸಲಕ್ಕೆ ಒಂದೇ ಎಲೆಕ್ಟ್ರಾನ್ ತಂದು ದೊಡ್ಡದಕ್ಕೆ ಕೊಟ್ಟು ಮತ್ತೆ ತರಲು ಹೋಗುತ್ತದೆ. ಎಲೆಕ್ಟ್ರಾನ್ ಕೊಡುವುದು ಉತ್ಕರ್ಷಣ, ಪಡೆಯುವುದು ಅಪಕರ್ಷಣ. ಎರಡೂ ಸೇರಿದರೆ ರೆಡಾಕ್ಸ್. ಹೀಗೆ ಎಂಟು ಸಲ ಹೊತ್ತು ತಂದರೆ ಸಾರಜನಕದ ಒಂದು ಅಣುವಿನಿಂದ ಗಿಡಕ್ಕೆ ಒಗ್ಗುವ ಅಮೋನಿಯಾದ ಎರಡು ಅಣು ಸಿಗುತ್ತವೆ. ಈ ದುಡಿಮೆಯ ಕೂಲಿಗೆ ಗಿಡ ತನ್ನ ಎಲೆಯಲ್ಲಿ ಮಾಡಿದ ಸಕ್ಕರೆಯನ್ನು ಕೊಡುತ್ತದೆ.

ಹಾಗಾದರೆ ಕೆಂಪು ಯಾಕೆ? ಆಮ್ಲಜನಕ ತಾಗಿದರೆ ನೈಟ್ರೋಜಿನೇಸ್ ಕೆಡುತ್ತದೆ. ಆದರೆ ಬ್ಯಾಕ್ಟೀರಿಯಾ ಉಸಿರಾಡಲೂ ಬೇಕಲ್ಲ! ಅದಕ್ಕೇ ಗಿಡ ಲೆಗ್‌ಹಿಮೋಗ್ಲೋಬಿನ್ ತಯಾರಿಸುತ್ತದೆ. ಇದು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಳಗದ್ದೇ. ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಅಳೆದು ಅಳೆದು ಕೊಡುತ್ತದೆ.

ಗಂಗಾವತಿ ಕಡೆ ತುಂಗಭದ್ರಾ ನೀರು ನಿಲ್ಲುವ ಭತ್ತದ ಗದ್ದೆಗಳಲ್ಲಿ ಬೆಳೆಯುವ ನೀಲಿಹಸಿರು ಪಾಚಿಯೂ ನೈಟ್ರೋಜಿನೇಸ್‌ನಿಂದಲೇ ಈ ಕೆಲಸ ಮಾಡುತ್ತದೆ.

ಹರೆಯದಲ್ಲಿ ನಾನು ಹೆಸರಿನ ಗಿಡಗಳನ್ನು ಬೇರುಸಹಿತ ಕಿತ್ತು ಸುಡುತ್ತಿದ್ದೆ. "ಬೇರು ಮಣ್ಣಾಗ ಇರ್ಲಿ ಬಿಡೋ, ಹಿಂಗಾರಿ ಜೋಳಕ್ಕ ಬುತ್ತಿ ಅದು" ಎನ್ನುತ್ತಿದ್ದ ನನ್ನಪ್ಪ. ಯಾಕೆಂದು ಹೇಳಲು ಅವನಿಗೆ ಬರುತ್ತಿರಲಿಲ್ಲ. ಕೇಳುವ ತಾಳ್ಮೆ ನನಗಿರಲಿಲ್ಲ. ಎಷ್ಟು ವರ್ಷದ ಬುತ್ತಿ ಸುಟ್ಟೆನೋ!

ಮಗ ಗಾಡಿ ಇಳಿದ. ಮೊಮ್ಮಗ ಇನ್ನೊಂದು ಗಿಡ ಕೀಳಲು ಹೊರಟ. "ಒಂದ ಸಾಕೋ ತಮ್ಮಾ" ಎಂದೆ.

ನೀವೂ ಹೊಲದವರನ್ನು ಕೇಳಿ ಒಂದೇ ಒಂದು ಗಿಡ ಕಿತ್ತು ನೋಡಿ. ಗಂಟಿನೊಳಗೆ ಕೆಂಪಿದ್ದರೆ ಕೆಲಸ ನಡೆದಿದೆ ಎಂದರ್ಥ. ಹಸಿರಿಗೋ ಕಂದಿಗೋ ತಿರುಗಿದ್ದರೆ ಅದರ ದುಡಿಮೆ ಮುಗಿದಿದೆ. ನೋಡಿದ್ದನ್ನು ಮನೆಯ ಅಜ್ಜ ಅಜ್ಜಿಗೂ ತೋರಿಸಿ.