ಪ್ರಶಸ್ತಿ ಕೊಟ್ಟವರು ಚಿತ್ರವನ್ನು ಉಳಿಸಬೇಡವೇ?

‘ಪ್ರಶಸ್ತಿ ಚಿತ್ರಗಳನ್ನು ಯಾರೂ ನೋಡುವುದಿಲ್ಲ’ ಎಂಬುದನ್ನು ಗಾದೆಯಂತೆ ಹೇಳುವವರಿದ್ದಾರೆ. ತೋರಿಸದೇ ಇದ್ದುದನ್ನು ಜನ ನೋಡುವುದಾದರೂ ಹೇಗೆ? ಒಡಿಯಾ ಸಿನಿಮಾದ ಕತೆ ಈ ಗಾದೆಯ ಪೊಳ್ಳುತನವನ್ನು ಬಯಲು ಮಾಡುತ್ತದೆ.

ಭಾಷೆಯ ಆಧಾರದಲ್ಲಿ ಒಡಿಶಾ ಪ್ರತ್ಯೇಕ ಪ್ರಾಂತವಾದದ್ದು 1936ರಲ್ಲಿ. ಮೊದಲ ಒಡಿಯಾ ಚಿತ್ರ ‘ಸೀತಾ ಬಿಬಾಹ’ ಬಂದದ್ದೂ ಅದೇ ವರ್ಷ. ಆದರೆ ಈ ಸಿನಿಮಾ ದೇಶದ ಗಮನ ಸೆಳೆದದ್ದು ಎಂಬತ್ತರ ದಶಕದಲ್ಲಿ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಕಲಿತ ಮನಮೋಹನ್ ಮಹಾಪಾತ್ರ ‘ನೀರಬ ಝಡ’, ‘ಕ್ಲಾಂತ ಅಪರಾಹ್ನ’ ಮುಂತಾದ ಚಿತ್ರಗಳನ್ನು ತೆಗೆದರು. ಅಲ್ಲಿಯೇ ಕಲಿತ ನೀರದ್ ಮಹಾಪಾತ್ರ ತೆಗೆದದ್ದು ಒಂದೇ ಒಂದು ಕಥಾಚಿತ್ರ: ‘ಮಾಯಾ ಮಿರಿಗ’, ಅಂದರೆ ನಮ್ಮ ಮಾಯಾಮೃಗ.

ಅದು ಒಬ್ಬ ಹೆಡ್‌ಮಾಸ್ತರರ ಕೂಡುಕುಟುಂಬದ ಕತೆ. ಒಬ್ಬ ಮಗ ಐಎಎಸ್ ಪಾಸಾಗಿ ಶ್ರೀಮಂತರ ಮನೆಯ ಹೆಣ್ಣನ್ನು ಮದುವೆಯಾಗುತ್ತಾನೆ. ಹಿರಿಸೊಸೆ ಅಡುಗೆಮನೆಯಲ್ಲಿ ಸವೆಯುತ್ತಾಳೆ. ಅಬ್ಬರವಿಲ್ಲದೆ ಮನೆ ಒಡೆಯುತ್ತದೆ. ಹಿಂದೂವಾಗಲಿ, ಮುಸ್ಲಿಮನಾಗಲಿ, ಇಂಥ ಮನೆಯನ್ನು ಕಾಣದವರು ನಮ್ಮಲ್ಲಿ ಯಾರಿದ್ದಾರೆ? 1984ರಲ್ಲಿ ಪ್ರಕಟವಾದ ರಾಷ್ಟ್ರಪ್ರಶಸ್ತಿಗಳಲ್ಲಿ ಮೊದಲ ಸ್ಥಾನ ನಮ್ಮ ಜಿ.ವಿ. ಅಯ್ಯರ್ ಅವರ ಸಂಸ್ಕೃತ ಚಿತ್ರ ‘ಆದಿ ಶಂಕರಾಚಾರ್ಯ’ಕ್ಕೆ, ಎರಡನೆಯದು ‘ಮಾಯಾ ಮಿರಿಗ’ಕ್ಕೆ.

ಪದಕವೇನೋ ಬಂತು. ಚಿತ್ರ ಏನಾಯಿತು? ಅದರ 16 ಎಂ.ಎಂ. ಮೂಲ ನೆಗೆಟಿವ್ ಎಷ್ಟೋ ವರ್ಷಗಳ ನಂತರ ಸಿಕ್ಕಿದ್ದು ಚೆನ್ನೈನ ಗೋದಾಮೊಂದರಲ್ಲಿ, ಕೇಳುವವರಿಲ್ಲದ ಸ್ಥಿತಿಯಲ್ಲಿ. ಅದನ್ನು ಉಳಿಸಿದ್ದು ಸರ್ಕಾರವಲ್ಲ. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಎಂಬ ಖಾಸಗಿ ಸಂಸ್ಥೆ. ಹೊಸ ಜೀವ ಪಡೆದ ಚಿತ್ರ 2024ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ತೆರೆ ಕಂಡಾಗ ನೋಡಲು ನಿರ್ದೇಶಕರಿರಲಿಲ್ಲ. ಅವರು 2015ರಲ್ಲೇ ತೀರಿಕೊಂಡಿದ್ದರು.

ಇದು ಒಡಿಯಾದವರ ಪಾಡು ಎಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ಕಾಸರವಳ್ಳಿಯವರ ‘ಘಟಶ್ರಾದ್ಧ’ ಪುನರುಜ್ಜೀವನಗೊಂಡು ಅದೇ ವರ್ಷ ವೆನಿಸ್‌ನಲ್ಲಿ ಪ್ರದರ್ಶನವಾದಾಗ ಹೆಮ್ಮೆಪಟ್ಟೆವು. ಆ ಕೆಲಸದ ಹಿಂದೆಯೂ ಇದ್ದದ್ದು ಇದೇ ಫೌಂಡೇಶನ್ ಮತ್ತು ವಿದೇಶಿ ನೆರವು.

‘ಹಣವಿಲ್ಲ’ ಎನ್ನುತ್ತಾರೆ. ಪ್ರಶಸ್ತಿ ಸಮಾರಂಭದ ಶಾಮಿಯಾನಕ್ಕೆ, ಹಾರ-ತುರಾಯಿಗೆ ಇರುವ ಹಣ ಚಿತ್ರವನ್ನು ತಣ್ಣಗಿಡುವ ಒಂದು ಕೋಣೆಗೆ ಇಲ್ಲವೇ? ಪುಸ್ತಕದ ಒಂದು ಪ್ರತಿ ಯಾರದೋ ಅಟ್ಟದ ಮೇಲಾದರೂ ಉಳಿದೀತು. ಫಿಲ್ಮ್ ಹಾಗಲ್ಲ, ಶಾಖ, ತೇವ ತಾಗಿದರೆ ಹುಳಿ ವಾಸನೆ ಬಂದು ಸುರುಟಿ ಸಾಯುತ್ತದೆ.

ಕನ್ನಡಕ್ಕೆ 2008ರಲ್ಲಿ, ಒಡಿಯಾಕ್ಕೆ 2014ರಲ್ಲಿ ಶಾಸ್ತ್ರೀಯ ಸ್ಥಾನ ಸಿಕ್ಕಿತು. ಸಾವಿರ ವರ್ಷದ ಹಿಂದಿನದಕ್ಕೆ ಕೈಮುಗಿದು ನಲವತ್ತು ವರ್ಷದ ಹಿಂದಿನದನ್ನು ಕೊಳೆಯಲು ಬಿಡುವುದು ಭಾಷಾಭಿಮಾನವಲ್ಲ. ಸರ್ಕಾರದ ಪ್ರಶಸ್ತಿ, ಸಹಾಯಧನ ಪಡೆದ ಪ್ರತಿ ಚಿತ್ರದ ಮೂಲಪ್ರತಿಯನ್ನು ಕಾಪಾಡುವುದೂ ವರ್ಷಕ್ಕೊಮ್ಮೆಯಾದರೂ ಜಿಲ್ಲಾ ಕೇಂದ್ರಗಳಲ್ಲಿ ತೋರಿಸುವುದೂ ಕಾನೂನಾಗಲಿ. ಜನ ನೋಡುತ್ತಾರೋ ಇಲ್ಲವೋ ಎಂಬುದನ್ನು ಆಮೇಲೆ ಮಾತಾಡೋಣ.