ಕೆಳಗಿನ ಊರಿನ ನೀರು

ಬಸವಕಲ್ಯಾಣದ ಸಮೀಪದ ನಾರಾಯಣಪುರಕ್ಕೆ ಹೋದವರು ಅಲ್ಲಿಯ ಚಾಲುಕ್ಯರ ಕಾಲದ ಶಿವಾಲಯವನ್ನು ಕಂಡು ಮರಳುವುದು ವಾಡಿಕೆ. ಆ ನೆಲದ ಇನ್ನೊಂದು ವಿಶೇಷ ಸುಲಭವಾಗಿ ಕಣ್ಣಿಗೆ ಬೀಳತಕ್ಕದ್ದಲ್ಲ. ಬಸವಕಲ್ಯಾಣ ತಾಲ್ಲೂಕು ಎರಡು ಮಹಾನದಿಗಳ ನಡುವಣ ದಿಣ್ಣೆ. ಅಲ್ಲಿ ಬಿದ್ದ ಮಳೆಯ ಒಂದು ಪಾಲು ಮಾಂಜ್ರಾ ಕಣಿವೆಗಿಳಿದು ಗೋದಾವರಿಯನ್ನು ಸೇರುತ್ತದೆ. ಇನ್ನೊಂದು ಪಾಲು ಮುಲ್ಲಾಮಾರಿಯಾಗಿ ಹರಿದು, ಕಾಗಿಣಾ, ಭೀಮೆಯರ ದಾರಿಯಲ್ಲಿ ಕೃಷ್ಣೆಯನ್ನು ಮುಟ್ಟುತ್ತದೆ. ಎತ್ತರದಲ್ಲಿರುವವರಿಗೆ ಮೇಲಿನಿಂದ ಹರಿದು ಬರುವ ಕೇಡು ಕಡಿಮೆ. ಅವರಿಂದ ಕೆಳಗಿನವರಿಗೆ ಹರಿದು ಹೋಗಬಹುದಾದ ಕೇಡು ಬಹಳ.

ಹುಮನಾಬಾದಿನಲ್ಲಿಯೂ ಬೀದರಿನ ಕೊಳಾರದಲ್ಲಿಯೂ ಕೈಗಾರಿಕಾ ಪ್ರದೇಶಗಳಿವೆ. ಔಷಧಗಳ ಮೂಲದ್ರವ್ಯಗಳನ್ನೂ ರಾಸಾಯನಿಕಗಳನ್ನೂ ತಯಾರಿಸುವ ಕಾರ್ಖಾನೆಗಳು ಅಲ್ಲಿವೆ. ಇವು ಬೇಡವೆನ್ನುವುದು ಸುಲಭ. ಆದರೆ ದುಡಿಮೆಯನ್ನರಸಿ ಹೈದರಾಬಾದಿಗೂ ಮುಂಬಯಿಗೂ ಗುಳೆ ಹೋಗುವ ಸೀಮೆಯಲ್ಲಿ ಆ ಮಾತಿಗೆ ಬೆಲೆಯಿಲ್ಲ. ಕಾರ್ಖಾನೆ ಇರಬೇಕು. ಅದರ ಕೊಳೆ ಯಾರ ಪಾಲಾಗಬೇಕೆಂಬುದೇ ಪ್ರಶ್ನೆ.

ಆ ಕೊಳೆಯ ಪ್ರಮಾಣವಾದರೂ ಅಲ್ಪವಲ್ಲ. ಒಂದು ಕಿಲೋ ಔಷಧವನ್ನು ತಯಾರಿಸುವಾಗ, ನೀರನ್ನು ಲೆಕ್ಕಕ್ಕೆ ಹಿಡಿಯದೆಯೇ, 25ರಿಂದ 100 ಕಿಲೋಗಳಷ್ಟು ತ್ಯಾಜ್ಯ ಹುಟ್ಟುತ್ತದೆಂದು ರಸಾಯನವಿಜ್ಞಾನಿ ರೋಜರ್ ಶೆಲ್ಡನ್ 1992ರಲ್ಲಿ ತೋರಿಸಿಕೊಟ್ಟರು. ಅದರಲ್ಲಿ ದ್ರಾವಕಗಳು ಸೇರಿವೆ, ಲವಣಗಳು ಸೇರಿವೆ. ಔಷಧದ ಅಂಶವೂ ಅಷ್ಟಿಷ್ಟು ಉಳಿದಿರುತ್ತದೆ.

ಇದರ ಫಲವನ್ನು ನೋಡಲು ದೂರ ಹೋಗಬೇಕಾಗಿಲ್ಲ. ಬೀದರ ಜಿಲ್ಲೆಯನ್ನು ದಾಟಿ ತೆಲಂಗಾಣವನ್ನು ಹೊಕ್ಕ ಮಾಂಜ್ರಾ ನದಿಗೆ ಪಟಾಂಚೆರು ಕಡೆಯಿಂದ ನಕ್ಕವಾಗು ಎಂಬ ಹಳ್ಳ ಬಂದು ಕೂಡುತ್ತದೆ. ಪಟಾಂಚೆರುವಿನಲ್ಲಿ ಸುಮಾರು 90 ಔಷಧ ಕಾರ್ಖಾನೆಗಳ ಕೊಳೆನೀರನ್ನು ಒಂದೇ ಕಡೆ ಶುದ್ಧೀಕರಿಸುವ ಏರ್ಪಾಡಿತ್ತು. ಶುದ್ಧವಾಯಿತೆಂದು ಹೊರಬಿಟ್ಟ ಆ ನೀರನ್ನು ಸ್ವೀಡನ್ನಿನ ವಿಜ್ಞಾನಿಗಳು ಪರೀಕ್ಷಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಸಿಪ್ರೊಫ್ಲಾಕ್ಸಾಸಿನ್ ಎಂಬ ಜೀವಿರೋಧಕ ಔಷಧವೊಂದೇ ಲೀಟರಿಗೆ 31 ಮಿಲಿಗ್ರಾಮಿನವರೆಗೆ ಅದರಲ್ಲಿತ್ತು. ದಿನವೊಂದಕ್ಕೆ ಸುಮಾರು 45 ಕಿಲೋ! ಸ್ವೀಡನ್ ದೇಶದ ಜನರೆಲ್ಲ ಐದು ದಿನಗಳಲ್ಲಿ ಸೇವಿಸುವಷ್ಟು ಔಷಧ ಒಂದೇ ದಿನ ಹಳ್ಳದ ಪಾಲಾಗುತ್ತಿತ್ತು. ಮುಂದಿನ ಶೋಧನೆಗಳಲ್ಲಿ ಸುತ್ತಲ ಹಳ್ಳಿಗಳ ಬಾವಿಗಳಲ್ಲಿಯೂ ಔಷಧಗಳ ಅಂಶ ಕಂಡುಬಂದಿತು.

ಇಲ್ಲಿ ಗಮನಿಸತಕ್ಕ ವಿಪರ್ಯಾಸವೊಂದಿದೆ. ಕೊಳೆಯನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳಿಗೆ ಬಲ ಬರಲೆಂದು ಆ ಘಟಕದಲ್ಲಿ ಊರಿನ ಚರಂಡಿ ನೀರನ್ನೂ ಬೆರೆಸುತ್ತಿದ್ದರು. ಮನುಷ್ಯರ ಹೊಟ್ಟೆಯಿಂದ ಬಂದ ರೋಗಾಣುಗಳಿಗೂ ಅವುಗಳನ್ನು ಕೊಲ್ಲುವ ಔಷಧಕ್ಕೂ ಹೀಗೆ ಹಗಲಿರುಳು ಸಹವಾಸ ದೊರೆಯಿತು. ಸಾಯದೆ ಉಳಿದ ಅಣುಗಳು ಔಷಧಕ್ಕೆ ಜಗ್ಗದವಾಗುತ್ತವೆ. ರೋಗವನ್ನು ಕಳೆಯಲು ಹುಟ್ಟಿದ ಕಾರ್ಖಾನೆ ರೋಗಕ್ಕೆ ಗರಡಿಮನೆಯಾದರೆ ಅದನ್ನು ಏನೆಂದು ಕರೆಯಬೇಕು?

ಕಾನೂನು ಇಲ್ಲವೆಂದಲ್ಲ. ಜಲಮಾಲಿನ್ಯ ನಿಯಂತ್ರಣ ಕಾಯಿದೆ ಬಂದದ್ದು 1974ರಲ್ಲಿ. ಕರ್ನಾಟಕದ ಮಂಡಳಿ ಸ್ಥಾಪನೆಯಾದದ್ದೂ ಅದೇ ವರ್ಷ. ಔಷಧ ಕಾರ್ಖಾನೆಗಳ ನೀರಿನಲ್ಲಿ ಜೀವಿರೋಧಕಗಳು ಎಷ್ಟಿರಬಹುದೆಂದು ಮಿತಿ ಹಾಕುವ ಕರಡನ್ನು ಕೇಂದ್ರ ಸರ್ಕಾರ 2020ರ ಜನವರಿಯಲ್ಲಿ ಹೊರಡಿಸಿತು. 2021ರ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳೇ ಇರಲಿಲ್ಲ. ಔಷಧ ತುಟ್ಟಿಯಾದೀತೆಂಬ ವಾದ ಇಂಥಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಅದು ಪೂರ್ಣ ಸುಳ್ಳಲ್ಲ. ಆದರೆ ಉಳಿಸಿದ ಖರ್ಚನ್ನು ಕೆಳಗಿನ ಊರಿನ ರೈತ ತನ್ನ ಬಾವಿಯಿಂದಲೂ ದನಕರುಗಳಿಂದಲೂ ತೆರುತ್ತಾನೆಂಬುದನ್ನು ಆ ಲೆಕ್ಕದಲ್ಲಿ ಬರೆಯುವುದಿಲ್ಲ.

ಕೊಳೆಯನ್ನೆಲ್ಲ ಒಂದೇ ಮೋರಿಗೆ ಹರಿಯಬಿಟ್ಟು ಕೊನೆಯಲ್ಲಿ ಶುದ್ಧಿಗೊಳಿಸಲು ಹೆಣಗುವುದು ಜಾಣತನವಲ್ಲ. ದ್ರಾವಕವನ್ನು ಬಟ್ಟಿಯಿಳಿಸಿ ಮರಳಿ ಬಳಸಬಹುದು. ಉಪ್ಪು ಹೆಚ್ಚಾದ ನೀರನ್ನು ಬೇರೆಯಾಗಿ ಹಿಡಿದು, ಆವಿಯಾಗಿಸಿ, ತಣಿದು ಬಂದ ನೀರನ್ನು ಪುನಃ ಕಾರ್ಖಾನೆಗೇ ಊಡಬಹುದು. ಔಷಧದ ಅಂಶವುಳ್ಳ ನೀರು ಚರಂಡಿ ನೀರನ್ನು ಕೂಡುವ ಮೊದಲೇ ಅದನ್ನು ನಿರ್ವಿಷಗೊಳಿಸಬಹುದು. ಇದಕ್ಕೆ ಹಣ ಬೇಕು, ಇಂಧನ ಬೇಕು. ಹಣ, ಇಂಧನಗಳಿಲ್ಲದೆ ಔಷಧವೂ ಆಗುವುದಿಲ್ಲವಷ್ಟೆ.

ಬಟ್ಟೆ ಒಗೆಯುವ ಮಾಚಿದೇವನೂ ತೊಗಲು ಹದಮಾಡುವ ಕಕ್ಕಯ್ಯನೂ ಶರಣರಾಗಿ ಬಾಳಿದ ಊರು ಕಲ್ಯಾಣ. ನೀರನ್ನು ಬಳಸುವ, ನೀರನ್ನು ಕೊಳೆಮಾಡುವ ವೃತ್ತಿಗಳನ್ನು ಆ ಊರು ಕೀಳೆಂದು ಕಾಣಲಿಲ್ಲ. ಆದರೆ ಅಲ್ಲಿ ಕಾಯಕದ ಜೊತೆಗೆ ದಾಸೋಹವೂ ಇತ್ತು. ಲಾಭವನ್ನು ತನಗಿಟ್ಟುಕೊಂಡು ಕಶ್ಮಲವನ್ನು ಮಾತ್ರ ನೆರೆಯವನಿಗೆ ಹಂಚುವ ಉದ್ಯಮಕ್ಕೆ ಕಾಯಕವೆಂಬ ಹೆಸರು ಸಲ್ಲದು.

ಕಾರ್ಖಾನೆಯ ನೀರಿನ ಪರೀಕ್ಷೆಯ ಫಲಿತಾಂಶ ಇಲಾಖೆಯ ಕಡತದಲ್ಲಿಯೇ ಉಳಿಯದೆ, ತಿಂಗಳಿಗೊಮ್ಮೆ ಕನ್ನಡದಲ್ಲಿ ಕೆಳಗಿನ ಊರಿನ ಪಂಚಾಯಿತಿಯ ಗೋಡೆಯ ಮೇಲೆ ಕಾಣಿಸಬೇಕು. ಮಳೆಗಾಲದ ತಿಂಗಳುಗಳಲ್ಲಿ ಎರಡು ಸಲ ಕಾಣಿಸಿದರೆ ಇನ್ನೂ ಒಳ್ಳೆಯದು. ಹಳ್ಳ ತುಂಬಿ ಹರಿಯುವಾಗ ಅದರೊಳಗೆ ಏನು ಬೆರೆಯಿತೆಂದು ಕಣ್ಣು ಹೇಳಲಾರದು.