ಕೋವಿಗೊಂದು ದುರ್ಬೀನು, ಕಾಡಿಗೊಂದು ಗಾಯ

ಮಲೆನಾಡಿನ ತೋಟದ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದ ಒಂಟಿನಳಿಗೆಯ ಕೋವಿಗೆ ಗುರಿ ಹಿಡಿಯುವ ಸಾಧನವೆಂದರೆ ನಳಿಗೆಯ ತುದಿಯಲ್ಲಿರುವ, ಮೆಣಸಿನ ಕಾಳಿನಷ್ಟು ಚಿಕ್ಕದಾದ ಲೋಹದ ಮಣಿ ಮಾತ್ರ. ಗದ್ದೆಗಿಳಿದ ಹಂದಿಯನ್ನು ಬೆದರಿಸಲು, ಏಲಕ್ಕಿ ತೋಟಕ್ಕೆ ನುಗ್ಗಿದ ಮಂಗಗಳ ಹಿಂಡನ್ನು ಎಬ್ಬಿಸಲು ಅದಕ್ಕಿಂತ ಹೆಚ್ಚಿನದೇನೂ ಬೇಕಾಗಿರಲಿಲ್ಲ. ಎಷ್ಟೋ ಈಡುಗಳು ಸಿಡಿದದ್ದು ಸದ್ದಿಗಾಗಿ ಮಾತ್ರ. ಇಂದು ಆ ಮಣಿಯ ಹಿಂದೆ, ನಳಿಗೆಯ ಬುಡದ ಮೇಲೆ, ದುರ್ಬೀನು ಬಂದು ಕೂರತೊಡಗಿದೆ. ಸ್ಕೋಪು ಎಂಬ ಹೆಸರಿನಲ್ಲಿ ಪೊಟ್ಟಣದಲ್ಲಿ ಮನೆಬಾಗಿಲಿಗೆ ಬರುವ ಈ ವಸ್ತುವನ್ನು ಬೆಳೆರಕ್ಷಣೆಯ ಕೋವಿಗೂ, ಹುಡುಗರ ಏರ್‌ಗನ್ನಿಗೂ ಒಂದೇ ಉತ್ಸಾಹದಲ್ಲಿ ಬಿಗಿಯಲಾಗುತ್ತಿದೆ.

ಇದನ್ನು ಸಮರ್ಥಿಸುವವರ ವಾದ ಮೇಲ್ನೋಟಕ್ಕೆ ದಯಾಪೂರ್ಣವಾದದ್ದು. ಸ್ಕೋಪು ಇದ್ದರೆ ಗುಂಡು ಸರಿಯಾದ ಜಾಗಕ್ಕೆ ತಾಗುತ್ತದೆ, ಪ್ರಾಣಿ ನರಳುವುದಿಲ್ಲ ಎಂಬುದು ಆ ವಾದ. ಇದನ್ನು ಸಾರಾಸಗಟಾಗಿ ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ತಕ್ಕ ರೈಫಲಿಗೆ ತಕ್ಕ ಸ್ಕೋಪನ್ನು ಆರಿಸಿ, ಅಲುಗಾಡದಂತೆ ಕೂರಿಸಿ, ಗುರಿ ಕೂಡಿಸಿ, ಒಣಗಿದ ಜಾಗದಲ್ಲಿ ಜೋಪಾನ ಮಾಡಿದವನ ಕೈಯಲ್ಲಿ ಅದು ನಿಜ. ಆದರೆ ಈ ನಾಲ್ಕು ಷರತ್ತುಗಳಲ್ಲಿ ಘಟ್ಟದ ತೋಟಗಳಲ್ಲಿ ಈಡೇರುವುದು ಯಾವುದು?

ಮೊದಲು ಆಯ್ಕೆಯ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೆಯ ಕಲಮು ಬೆಳೆರಕ್ಷಣೆಗೆಂದು ಹೆಸರಿಸಿರುವುದು ಮದ್ದನ್ನು ಬಾಯಿಯಿಂದ ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ಕೋವಿ. ಅದೂ ಒಳಗೆ ಸುರುಳಿಗೆರೆಗಳಿಲ್ಲದ ನುಣುಪು ನಳಿಗೆಯದು. ಇಂಥ ನಳಿಗೆಯಿಂದ ಹೊರಟ ಚರೆ 40 ಗಜ ದಾಟುವಷ್ಟರಲ್ಲಿ ಚದುರಿ ಬಲಗುಂದುತ್ತದೆ. ಒಂಟಿ ಗುಂಡಾದರೂ ಸುರುಳಿಯ ಹಿಡಿತವಿಲ್ಲದೆ ಹೊರಡುವುದರಿಂದ ದೂರ ಹೆಚ್ಚಿದಂತೆ ತನ್ನ ದಾರಿಯನ್ನು ತಾನೇ ಹಿಡಿಯುತ್ತದೆ. ಇದರ ಮೇಲೆ 9 ಪಟ್ಟು ಹಿಗ್ಗಿಸುವ ಸ್ಕೋಪನ್ನು ಕೂರಿಸಿದರೆ 90 ಗಜ ದೂರದ ಹಂದಿ 10 ಗಜದಲ್ಲಿ ನಿಂತಂತೆ ಕಾಣುತ್ತದೆ. ಹಂದಿ ಕಣ್ಣಿಗೆ ಹತ್ತಿರವಾಯಿತು, ಚರೆಗೆ ಆಗಲಿಲ್ಲ. ಮಣಿಯನ್ನು ನಂಬಿದವನು ಬಿಟ್ಟುಬಿಡುತ್ತಿದ್ದ ಈಡನ್ನು ದುರ್ಬೀನನ್ನು ನಂಬಿದವನು ಹಾರಿಸುತ್ತಾನೆ. ಕಾಡಿಗೆ ಗಾಯ ಆಗುವುದು ಈ ನಡುವಿನ 50 ಗಜದಲ್ಲಿ.

ಕೂರಿಸುವ ಕೆಲಸವನ್ನಂತೂ ಸಂಜೆ ಹೊತ್ತಿನ ಹವ್ಯಾಸವೆಂದು ತಿಳಿದವರೇ ಹೆಚ್ಚು. ಸ್ಕೋಪನ್ನು ಹಿಡಿದಿಡುವ ಎರಡು ಬಳೆಗಳ ನಡುವಿನ ಅಂತರ 10 ಸೆಂ.ಮೀ. ಎಂದಿಟ್ಟುಕೊಳ್ಳಿ. ಹಿಂದಿನ ಬಳೆ ಮಿಲಿಮೀಟರಿನ ಹತ್ತರಲ್ಲೊಂದು ಪಾಲು ಸರಿದರೂ 100 ಮೀಟರಿನಲ್ಲಿ ಗುರಿ 10 ಸೆಂ.ಮೀ. ತಪ್ಪುತ್ತದೆ. ಎದೆಗೆ ಹಿಡಿದದ್ದು ಹೊಟ್ಟೆಗೆ ತಾಗಲು ಅಷ್ಟು ಸಾಕು. ಆದುದರಿಂದಲೇ ಬಲ್ಲವರು ಹಳಿಯ ಎಣ್ಣೆಪಸೆಯನ್ನು ಒರೆಸಿ ತೆಗೆದು, ಎಲ್ಲ ತಿರುಪುಗಳನ್ನೂ ಸರದಿಯಂತೆ ಒಂದೇ ಬಿಗಿತಕ್ಕೆ ತರುತ್ತಾರೆ. ಅತಿಯಾಗಿ ಬಿಗಿದರೆ ಸ್ಕೋಪಿನ ಕೊಳವೆಯೇ ನಜ್ಜಾಗುತ್ತದೆ. ಸ್ಕೋಪಿನ ನಡುಗೆರೆ ನಳಿಗೆಗಿಂತ ನಾಲ್ಕೈದು ಸೆಂ.ಮೀ. ಮೇಲಿರುವುದರಿಂದ ತೀರ ಹತ್ತಿರದಲ್ಲಿ ಗುಂಡು ಗೆರೆಗಿಂತ ಕೆಳಗೆ ತಾಗುತ್ತದೆಂಬ ಎಚ್ಚರವೂ ಬೇಕು. ಸ್ಪ್ರಿಂಗಿನ ಏರ್‌ಗನ್ನಿನ ಸಂಗತಿ ಇನ್ನೂ ವಿಚಿತ್ರ. ಅದು ಮೊದಲು ಹಿಂದಕ್ಕೆ ಒದ್ದು, ಕೂಡಲೇ ಮುಂದಕ್ಕೂ ಜಗ್ಗುತ್ತದೆ. ಹಿಂದಕ್ಕೆ ಬರುವ ಒದೆತವನ್ನಷ್ಟೇ ತಾಳುವಂತೆ ಕಟ್ಟಿದ ಸ್ಕೋಪಿನ ಒಳಗಿನ ಗಾಜುಗಳು ಈ ಎರಡು ದಿಕ್ಕಿನ ಜಗ್ಗಾಟಕ್ಕೆ ಸಡಿಲಗೊಳ್ಳುತ್ತವೆ. ಹೊರಗಿನಿಂದ ನೋಡಿದರೆ ಏನೂ ಆದಂತೆ ಕಾಣುವುದಿಲ್ಲ.

ಇಷ್ಟಾದ ಮೇಲೂ ಗುರಿ ಕೂಡಿಸುವ ಕೆಲಸ ಉಳಿದೇ ಇರುತ್ತದೆ. ಅಳೆದ ದೂರದಲ್ಲಿ, ಹಿಂದೆ ಮಣ್ಣಿನ ದಿಬ್ಬವಿರುವ ಜಾಗದಲ್ಲಿ, ಕೋವಿಯನ್ನು ಮೂಟೆಗೆ ಆನಿಸಿ, ಮೂರು ಮೂರು ಈಡು ಹಾರಿಸಿ, ಗುಂಡು ಬಿದ್ದ ಜಾಗ ನೋಡಿ ಗುಂಡಿಯನ್ನು ತಿರುವಬೇಕು. ಪ್ರತಿ ಟಕ್ ಸದ್ದಿಗೆ 100 ಮೀಟರಿನಲ್ಲಿ ಸುಮಾರು 7 ಮಿ.ಮೀ.ನಷ್ಟು ಸರಿಯುವ ಸ್ಕೋಪುಗಳೇ ಸಾಮಾನ್ಯ. ತೋಟಾ ಬದಲಾದರೆ ಮತ್ತೊಮ್ಮೆ, ಬಿಚ್ಚಿ ಕೂರಿಸಿದರೆ ಮತ್ತೊಮ್ಮೆ ಇದೆಲ್ಲ ಆಗಬೇಕು. ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಲು ಸ್ಕೋಪು ಬಿಚ್ಚಿ ಅಲಮಾರಿನಲ್ಲಿಟ್ಟವನು, ಕೋವಿ ಮರಳಿದ ರಾತ್ರಿಯೇ ಅದನ್ನು ಬಿಗಿದುಕೊಂಡು ಗದ್ದೆಗೆ ಹೊರಟರೆ ಅವನ ಕೈಯಲ್ಲಿರುವುದು ಬರಿಯ ಅಂದಾಜು. ಗುರಿ ನೋಡಿಕೊಳ್ಳುವವರೂ ಬೇಲಿಯಾಚೆಯ ಹಲಸಿನ ಬೊಡ್ಡೆಗೆ ಹೊಡೆದು ತೃಪ್ತರಾಗುತ್ತಾರೆ. ಮರಕ್ಕೆ ಆದದ್ದನ್ನು ಕೇಳುವವರಿಲ್ಲ.

ಜೋಪಾನದ ಬಗ್ಗೆ ಹೇಳುವುದಾದರೆ, ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7000 ಮಿ.ಮೀ. ಮೀರಿ ಮಳೆ ಸುರಿಯುವ ನಾಡು ಇದು. ಇಲ್ಲಿ ಜೂನ್ ತಿಂಗಳಲ್ಲಿ ಚಪ್ಪಲಿಗೆ ಬೂಸ್ಟು, ಪುಸ್ತಕಕ್ಕೆ ಬೂಸ್ಟು. ಗಾಜಿಗೆ ಮಾತ್ರ ರಿಯಾಯಿತಿಯೇ? ಒಳ್ಳೆಯ ಸ್ಕೋಪಿನ ಒಡಲಲ್ಲಿ ಒಣ ನೈಟ್ರೋಜನ್ ತುಂಬಿ ಮುಚ್ಚಿರುತ್ತಾರೆ, ನಿಜ. ಆದರೆ ಅಗ್ಗದವುಗಳ ಬಿಗಿಮುಚ್ಚು ಬೇಗ ಸೋಲುತ್ತದೆ. ಒಮ್ಮೆ ತೇವ ಒಳಹೊಕ್ಕರೆ ಜೇಡರ ಬಲೆಯಂತೆ ಹಬ್ಬುವ ಬೂಸ್ಟು ಗಾಜಿನ ಲೇಪವನ್ನು ತಿನ್ನುತ್ತದೆ. ಚರ್ಮದ ಚೀಲದಲ್ಲಿಟ್ಟರೆ ತೇವವನ್ನು ಕರೆದು ಕೂರಿಸಿದಂತೆ. ಗಾಳಿಯಾಡದ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಆ ಜೆಲ್ಲನ್ನೂ ಆಗಾಗ ಒಣಗಿಸಿಕೊಳ್ಳುವ ವ್ಯವಧಾನ ಬೇಕು. ಗಾಜನ್ನು ಪಂಚೆಯ ಅಂಚಿನಿಂದ ಉಜ್ಜಿದರೆ ಕೂತ ಮಣ್ಣಿನ ಕಣವೇ ಉಪ್ಪುಕಾಗದದ ಕೆಲಸ ಮಾಡುತ್ತದೆ. ಮೊದಲು ಧೂಳನ್ನು ಗಾಳಿಯಿಂದ ಹಾರಿಸಿ, ಮೆತ್ತನೆಯ ಕುಂಚವಾಡಿಸಿ, ಆಮೇಲಷ್ಟೇ ಬಟ್ಟೆ. ಇಷ್ಟು ಆರೈಕೆ ಮಾಡುವ ತಾಳ್ಮೆಯುಳ್ಳ ರೈತ ಆ ಹೊತ್ತನ್ನು ಬೇಲಿಗೆ ಕೊಟ್ಟರೆ ಬೆಳೆ ಹೆಚ್ಚು ಉಳಿದೀತು.

ತಪ್ಪಿದ ಗುರಿಯ ಬೆಲೆಯನ್ನು ತೆರುವವರು ಯಾರು? ಜಿಮ್ ಕಾರ್ಬೆಟ್ 1907ರಲ್ಲಿ ಕೊಂದ ಚಂಪಾವತದ ನರಭಕ್ಷಕ ಹೆಣ್ಣುಹುಲಿಯ ಬಲಬದಿಯ ಕೋರೆಹಲ್ಲುಗಳು ಮೇಲೆ ಕೆಳಗೆ ಎರಡೂ ಮುರಿದಿದ್ದವು. ಅದು ಹಳೆಯ ಗುಂಡೇಟಿನ ಫಲ, ಸಹಜ ಬೇಟೆ ಅಸಾಧ್ಯವಾಗಿ ಅದು ಮನುಷ್ಯರ ಕಡೆ ತಿರುಗಿತೆಂದು ಅವರೇ ಬರೆದಿಟ್ಟಿದ್ದಾರೆ. ಗುರಿ ತಪ್ಪಿಸಿದವನ ಹೆಸರು ಇತಿಹಾಸದಲ್ಲಿಲ್ಲ. ಇಂದು ಹೊಟ್ಟೆಗೆ ಚರೆ ತಿಂದು ಲಂಟಾನದೊಳಗೆ ನುಗ್ಗುವ ಹಂದಿಯ ಮುಂದೆ ಮರುದಿನ ಬೆಳಿಗ್ಗೆ ಎದುರಾಗುವುದು ಈಡು ಹಾರಿಸಿದವನಲ್ಲ. ಕೊಯ್ಲಿಗೋ ಕಳೆ ತೆಗೆಯಲಿಕ್ಕೋ ಬಂದ ಕೂಲಿಯಾಳು.

ಇನ್ನೊಂದು ಅಪಾಯ ಇದಕ್ಕಿಂತ ಘೋರ. ಪೊದೆ ಅಲುಗಾಡಿದಾಗ ಅದೇನೆಂದು ತಿಳಿಯಲು ಕೋವಿಯ ದುರ್ಬೀನಿನಲ್ಲಿ ಇಣುಕುವ ಚಾಳಿ ಬೆಳೆಯುತ್ತಿದೆ. ಸ್ಕೋಪಿನಲ್ಲಿ ನೋಡುವುದೆಂದರೆ ನೋಡಿದ್ದಕ್ಕೆಲ್ಲ ಕೋವಿ ಹಿಡಿಯುವುದು. ಅದರ ಕಿರಿದಾದ ವೃತ್ತದಲ್ಲಿ ಪಕ್ಕದ ಕಾಲುಹಾದಿ ಕಾಣುವುದಿಲ್ಲ, ಹಿಂದಿನ ಲೈನ್‌ಮನೆ ಕಾಣುವುದಿಲ್ಲ. ಹಂದಿಯೆಂದು ಸಂಗಡಿಗನನ್ನೇ ಹೊಡೆದ ಸುದ್ದಿ ಮಲೆನಾಡಿನ ಪತ್ರಿಕೆಗಳಿಗೆ ಹೊಸತಲ್ಲ. ಶಾಖವನ್ನು ಬೆಳಕಾಗಿ ತೋರಿಸುವ ಇರುಳುಗಣ್ಣಿನ ಯಂತ್ರಗಳಲ್ಲಿ ಪೊದೆಯ ಹಿಂದಿನ ಜೀವ ಬರಿಯ ಬಿಳಿಯ ಮುದ್ದೆ. ಬಗ್ಗಿ ಕೂತ ಮನುಷ್ಯನೂ ಹಾಗೆಯೇ.

ಏರ್‌ಗನ್ನಿನ ಹುಡುಗರಿಗೆ ಒಂದು ಮಾತು ನೆನಪಿಸಬೇಕಾಗಿದೆ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 4.5 ಮಿ.ಮೀ. ನಳಿಗೆಯ ಏರ್ ರೈಫಲಿನಿಂದಲೇ. ಆ ಸ್ಪರ್ಧೆಯಲ್ಲಿ ದುರ್ಬೀನಿಗೆ ಅವಕಾಶವಿಲ್ಲ. ಕಿರುರಂಧ್ರದ ಮೂಲಕ ಬರಿಗಣ್ಣಿನಿಂದ ನೋಡಿ, 10 ಮೀಟರಿನಾಚೆಯ ಅರ್ಧ ಮಿ.ಮೀ. ಚುಕ್ಕೆಗೆ ಹೊಡೆಯಬೇಕು. ಗುರಿಕಾರಿಕೆಯ ಹೆಮ್ಮೆ ಬೇಕಾದವರಿಗೆ ಆ ದಾರಿ ತೆರೆದಿದೆ. ಗೋಳಿಮರದಲ್ಲಿ ಹಣ್ಣು ತಿನ್ನುತ್ತ ಕೂತ ಹಸುರು ಪಾರಿವಾಳಕ್ಕೆ ದುರ್ಬೀನು ಹಿಡಿಯುವುದು ಯಾವ ಹೆಮ್ಮೆ? ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಏರ್‌ಗನ್ ಒಪ್ಪಿಸುವ ಅಭಿಯಾನವೇ ಆರಂಭವಾಯಿತು, ಜನ ತಾವಾಗಿ ತಂದೊಪ್ಪಿಸಿದರು. ಪಶ್ಚಿಮಘಟ್ಟದ ಪಂಚಾಯತಿಗಳಿಗೆ ಅದು ಏಕೆ ಸಾಧ್ಯವಿಲ್ಲ?

ಕೊಡಗಿನ ಕೋವಿಯ ಹಕ್ಕಿನ ಪ್ರಶ್ನೆ ಇಲ್ಲಿ ಏಳುವುದು ಸಹಜ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಲಾಗಿದೆ. 2021ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆ ಸಂಪ್ರದಾಯದ ಮೇಲೆ ಇಲ್ಲಿ ಯಾವ ತಕರಾರೂ ಇಲ್ಲ. ಕೈಲ್‌ಪೊಳ್ದಿನಂದು ಪೂಜೆಗಿಟ್ಟ ಕೋವಿಗೆ ಸಿಕ್ಕಿಸುವುದು ತೋಕ್‌ಪೂವನ್ನು. ತೆಂಗಿನಕಾಯಿಗೆ ಗುಂಡಿಡುವ ಸ್ಪರ್ಧೆಯಲ್ಲಿ ದೂರ ಗೊತ್ತಿರುತ್ತದೆ, ಹಗಲಿರುತ್ತದೆ, ನೋಡುವ ಊರಿರುತ್ತದೆ. ಇರುಳಿನಲ್ಲಿ ಜೀಪಿನ ಮೇಲಿಂದ ಸ್ಕೋಪಿನಲ್ಲಿ ಕಡವೆಯ ಕಣ್ಣು ಹುಡುಕುವವರು ಆ ಹಕ್ಕಿನ ಮರೆಯಲ್ಲಿ ನಿಲ್ಲುವುದನ್ನು ಮೊದಲು ವಿರೋಧಿಸಬೇಕಾದವರು ಕೊಡಗಿನವರೇ.

ಬೆಳೆ ಕಳೆದುಕೊಂಡವನ ಸಂಕಟ ಸುಳ್ಳಲ್ಲ. ವನ್ಯಜೀವಿ ಕಾಯ್ದೆಯ 11ನೆಯ ಕಲಮಿನಲ್ಲಿ ಬೆಳೆಗೆ ಹಾನಿ ಮಾಡುವ ಕೆಲವು ಪ್ರಾಣಿಗಳನ್ನು ಲಿಖಿತ ಅನುಮತಿಯ ಮೇರೆಗೆ ಕೊಲ್ಲಲು ಅವಕಾಶವಿದೆ. ಕೇರಳ 2022ರಲ್ಲಿ ಕಾಡುಹಂದಿಯ ಮಟ್ಟಿಗೆ ಈ ಅಧಿಕಾರವನ್ನು ಪಂಚಾಯತಿ ಅಧ್ಯಕ್ಷರವರೆಗೂ ಇಳಿಸಿತು. ಕರ್ನಾಟಕದಲ್ಲಿ ಅಂಥ ಅನುಮತಿ ಕೊಡುವಾಗಲೆಲ್ಲ ಮೂರು ಷರತ್ತುಗಳು ಆದೇಶದಲ್ಲೇ ಬರಲಿ: ಸ್ಕೋಪು ಬಳಸುವುದಾದರೆ ಅದೇ ದಿನ, ಅದೇ ತೋಟಾದಿಂದ, ವಲಯ ಅರಣ್ಯಾಧಿಕಾರಿಯ ಎದುರು ಗುರಿ ಕೂಡಿಸಿ ತೋರಿಸಬೇಕು, ನುಣುಪು ನಳಿಗೆಯ ಕೋವಿಗೆ ದುರ್ಬೀನು ಕೂಡದು, ಗಾಯಗೊಂಡ ಪ್ರಾಣಿಯನ್ನು ಹುಡುಕಿ ಮುಗಿಸುವ ಹೊಣೆ ಹೊಡೆದವನದೇ, ಅದು ಮುಗಿಯುವ ತನಕ ಆ ಕಾಡಂಚಿನಲ್ಲಿ ಕೂಲಿಯವರನ್ನು ಕೆಲಸಕ್ಕೆ ಇಳಿಸಬಾರದು.